ನಿಧಾನದ ನಿದಾನ

ಸಂಸ್ಕೃತದಲ್ಲಿ ‘ನಿಧಾನ’ವೆಂದರೆ ನಿಧಿಯನ್ನಿಡುವ ಸ್ಥಳ, ಭಂಡಾರ. ಅದೇ ಶಬ್ದವು ಕನ್ನಡದಲ್ಲಿ ನೆಲೆಸಿ ಸಾವಕಾಶವೆಂಬ ಅರ್ಥವನ್ನು ಪಡೆದಿರುವದು. ಮಹಾಪ್ರಾಣವನ್ನು ಬಿಟ್ಟು ‘ನಿದಾನ’ವೆಂದರೆ ಅದು ವೈದ್ಯಶಾಸ್ತ್ರದ ಮಾತಾಗಿ, ರೋಗದ ಕಾರಣವನ್ನು ಕಂಡುಹಿಡಿಯುವದು ಎಂದಾಗುತ್ತದೆ. ಶಾಲೆಯ ಮಕ್ಕಳಿಗೆ ಈ ಶಬ್ದಗಳ ಭೇದವನ್ನು ಎಷ್ಟೋ ವರ್ಷ ಕಲಿಸುತ್ತ ಬಂದೆನಾದರೂ, ಮೂರು ಅರ್ಥಗಳೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಬರಬಹುದೆಂದು ನನಗೆ ತೋರಿರಲಿಲ್ಲ. ಆ ಪೆಟ್ಟಿಗೆಯು ನೆಹರು ನಗರದ ನಮ್ಮ ಮನೆಯ ಹೊರಕೋಣೆಯಲ್ಲಿರುವದು. ಅದೊಂದು ಭಂಡಾರ, ಅದು ಸಾವಕಾಶವಾಯಿತು, ಅದಕ್ಕೆ ಕಾರಣವನ್ನು ಹುಡುಕಬೇಕಾಯಿತು. ಆ ಹುಡುಕಾಟದ ವೃತ್ತಾಂತವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಮೊದಲು ಪೆಟ್ಟಿಗೆಯ ವರ್ಣನೆಯನ್ನು ಮಾಡತಕ್ಕದ್ದು. ಮಗನು ಉಪಯೋಗಿಸಿ ಬಿಟ್ಟ ಹಳೆಯ ಕಂಪ್ಯೂಟರೊಂದರಲ್ಲಿ ನಾಲ್ಕು ಡಿಸ್ಕುಗಳನ್ನು ಕೂಡ್ರಿಸಿ, ಅದನ್ನು ಮನೆಯ ರೂಟರಿಗೆ ಕೇಬಲ್ಲಿನಿಂದ ಜೋಡಿಸಿದೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಮನೆಯೊಳಗಿನ ಬೇರೆ ಯಂತ್ರಗಳು ಕೊಟ್ಟದ್ದನ್ನು ಇಟ್ಟುಕೊಳ್ಳುವದು, ಕೇಳಿದಾಗ ಕೊಡುವದು, ಇವೆರಡೇ ಅದರ ಕೆಲಸ. ಬಲ್ಲವರು ಇಂಥದಕ್ಕೆ ಎನ್.ಎ.ಎಸ್. ಎಂದು ಹೆಸರಿಟ್ಟಿರುವರು, ನಮ್ಮ ಮನೆಯಲ್ಲಿ ‘ಕಣಜ’ವೆಂದು ಕರೆಯುವದು ರೂಢಿಯಾಗಿದೆ. ನಾಲ್ಕು ಡಿಸ್ಕುಗಳಲ್ಲಿ ಯಾವುದೊಂದು ಕೆಟ್ಟರೂ ಉಳಿದ ಮೂರರ ಆಧಾರದಿಂದ ಅದರಲ್ಲಿದ್ದುದನ್ನು ಲೆಕ್ಕಮಾಡಿ ಪುನಃ ಪಡೆಯಬಹುದಾದಂತೆ ಅಕ್ಷರಗಳನ್ನು ಹಂಚಿಡಲಾಗುವದು. ಇಂಥ ಯುಕ್ತಿಗಳನ್ನು ವಿಂಗಡಿಸಿ ‘ರೇಡ್’ ಎಂಬ ಹೆಸರು ಕೊಟ್ಟವರು ಅಮೇರಿಕೆಯ ಬರ್ಕಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು. ಅವರ ಪ್ರಬಂಧವು 1988ರಲ್ಲಿ ಹೊರಬಂದಿತು. ನಮ್ಮ ಕಣಜದಲ್ಲಿ ಈ ಕೆಲಸವನ್ನು ನಡೆಸುವದು ಝಡ್.ಎಫ್.ಎಸ್. ಎಂಬ ವ್ಯವಸ್ಥೆ, 2005ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಅದನ್ನು ಲೋಕಕ್ಕೆ ತೆರೆದಿಟ್ಟರು. 1956ರಲ್ಲಿ ಐ.ಬಿ.ಎಂ. ಕಂಪನಿಯು ಹೊರತಂದ ಪ್ರಪ್ರಥಮ ಡಿಸ್ಕು ಯಂತ್ರದಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲ ಕೂಡಿ 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿದ್ದವು. ಇಂದು ನಾವು ತೆಗೆಯುವ ಒಂದೇ ಓಲೆಯ ಒಂದು ಮಗ್ಗುಲಿನ ಚಿತ್ರವೂ ಅದರಲ್ಲಿ ಹಿಡಿಸಲಾರದು.

ಓಲೆಯೆಂದೆನಲ್ಲವೆ? ಕಣಜದಲ್ಲಿ ಇಡಬೇಕಾದದ್ದು ಅದೇ. ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ತಲೆತಲಾಂತರದಿಂದ ವೈದ್ಯವೃತ್ತಿಯನ್ನು ನಡೆಯಿಸಿಕೊಂಡು ಬಂದ ಮನೆತನವೊಂದುಂಟು. ಅವರ ಅಟ್ಟದ ಮೇಲೆ ಏಳು ಕಟ್ಟು ತಾಳೆಯೋಲೆಗಳು, ಒಟ್ಟು 900 ಎಲೆಗಳು, ಇದ್ದವು. ಭಾಷೆ ಸಂಸ್ಕೃತ, ಲಿಪಿ ಕನ್ನಡ. ನಡುನಡುವೆ ಕನ್ನಡದಲ್ಲಿ ಟೀಕೆ, ಔಷಧದ ತೂಕ, ಗಿಡಮೂಲಿಕೆಗಳಿಗೆ ಆ ಸೀಮೆಯ ಜನರು ಹೇಳುವ ಹೆಸರು. ಮನೆಯನ್ನು ಕೆಡವಿ ಕಟ್ಟುವದು ನಿಶ್ಚಯವಾಗಿತ್ತು. ಅಣ್ಣತಮ್ಮಂದಿರು ಬೇರೆ ಬೇರೆ ಊರುಗಳಲ್ಲಿರುವದರಿಂದ ಮನೆಯ ಸಾಮಾನಿನೊಡನೆ ಈ ಕಟ್ಟುಗಳೂ ಪಾಲಾಗತಕ್ಕವು. ಅದಕ್ಕೆ ಮುಂಚೆ ಚಿತ್ರ ತೆಗೆದುಕೊಳ್ಳಿರೆಂದು ಮನೆಯ ಹಿರಿಯರು ದೊಡ್ಡ ಮನಸ್ಸಿನಿಂದ ಎರಡು ತಿಂಗಳ ಅವಧಿಗೆ ಅವನ್ನು ನಮ್ಮ ಕೈಗೆ ಒಪ್ಪಿಸಿದರು. ನಾಗರ ಪಂಚಮಿಯೊಳಗೆ ಹಿಂತಿರುಗಿಸುವದೆಂದು ಮಾತಾಗಿತ್ತು.

ತಾಳೆಯೋಲೆಯ ಸ್ವಭಾವವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಬ್ಬಿಣದ ಕಂಟದಿಂದ ಕೊರೆದು, ಮೇಲೆ ಕಾಡಿಗೆಯನ್ನು ತೊಡೆದು ಒರಸಿದಾಗ ಅಕ್ಷರವು ಕಣ್ಣಿಗೆ ಬೀಳುವದು. ಹೊಸತಾಗಿದ್ದಾಗ ಅದು ಬಿದಿರಿನ ಸೀಳಿನಂತೆ ಬಾಗುವದು; ಮುಪ್ಪಾದ ಮೇಲೆ ಹಪ್ಪಳದಂತೆ ಮುರಿಯುವದು. ನಿಂಬೆಹುಲ್ಲಿನ ಎಣ್ಣೆಯನ್ನು ಸವರಿ ಮೃದು ಮಾಡಿದರೂ ಕೆಲವು ಎಲೆಗಳು ಒಂದು ಸಲ ಮಾತ್ರ ಬಿಚ್ಚಿಕೊಂಡವು. ಚಿತ್ರ ತೆಗೆದು ಮುಚ್ಚುವಷ್ಟರಲ್ಲಿ ಅಂಚಿನ ಎರಡಕ್ಷರ ಉದುರಿ ಬಟ್ಟೆಯ ಮೇಲೆ ಬಿದ್ದಿರುತ್ತಿದ್ದವು. ಅಂಥ ಎಲೆಯನ್ನು ಎರಡನೆಯ ಸಲ ಬಿಚ್ಚುವ ಮಾತಿಲ್ಲ. ಆದುದರಿಂದ ನಮ್ಮಲ್ಲಿರುವ ಚಿತ್ರವು ಕೆಟ್ಟುಹೋದರೆ ಆ ಎರಡಕ್ಷರಗಳು ಈ ಲೋಕದಲ್ಲಿ ಎಲ್ಲಿಯೂ ಉಳಿಯುವದಿಲ್ಲ. ಮುಂದೆ ಬರುವ ಮಾತುಗಳನ್ನು ಓದುವಾಗ ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಇನ್ನು ರೋಗದ ರೂಪವನ್ನು ಹೇಳುವೆನು. 900 ಎಲೆಗಳಿಗೆ 1,800 ಮಗ್ಗುಲು, ಮಗ್ಗುಲಿಗೊಂದು ಚಿತ್ರ, ಚಿತ್ರವೊಂದಕ್ಕೆ ಸುಮಾರು 60 ಮೆಗಾಬೈಟು, ಒಟ್ಟು 108 ಗಿಗಾಬೈಟು. ಗಿಗಾಬಿಟ್ ಕೇಬಲ್ಲಿನ ದಾರಿಯಲ್ಲಿ ಸೆಕೆಂಡಿಗೆ 110 ಮೆಗಾಬೈಟಿನಷ್ಟು ಸಾಗಬಲ್ಲದಾದ್ದರಿಂದ ಇದೆಲ್ಲವೂ ಕಾಲುತಾಸಿಗೆ ಸ್ವಲ್ಪ ಮೀರಿದ ಹೊತ್ತಿನಲ್ಲಿ ಕಣಜವನ್ನು ಸೇರತಕ್ಕದ್ದು. ನಡೆದದ್ದೇನೆಂದರೆ, ಸೆಕೆಂಡಿಗೆ 11 ಮೆಗಾಬೈಟು. ಎರಡು ತಾಸು ಮುಕ್ಕಾಲಾಯಿತು. ಬರೆದದ್ದನ್ನೇ ಕೂಡಲೆ ಸರಿನೋಡಿ, ಎರಡನೆಯ ಪ್ರತಿಯನ್ನು ಮಾಡಿ, ಆ ಮೇಲೆಯೇ ಮುಂದಿನ ಕಟ್ಟನ್ನು ಬಿಚ್ಚುವ ನಿಯಮವನ್ನು ನಾವು ಇಟ್ಟುಕೊಂಡಿದ್ದರಿಂದ, ಯಂತ್ರದ ಸಾವಕಾಶವು ನೇರವಾಗಿ ಓಲೆಗಳ ಅವಧಿಯನ್ನು ತಿನ್ನಹತ್ತಿತು.

ನಿಧಾನವಾಯಿತೆಂದ ಕೂಡಲೆ ಹೊಸ ಯಂತ್ರವನ್ನು ಕೊಳ್ಳಿರೆಂದು ಹೇಳುವವರು ಬಹಳ. ಜ್ವರವೆಂದ ಕೂಡಲೆ ಕೈಗೆ ಬಂದ ಗುಳಿಗೆಯನ್ನು ನುಂಗಿಸುವದಕ್ಕೂ ಇದಕ್ಕೂ ಭೇದವಿಲ್ಲ. ನಮ್ಮ ವೈದ್ಯರು ರೋಗವನ್ನು ಅರಿಯಲು ಐದು ಸಾಧನಗಳನ್ನು ಹೇಳಿರುವರು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂದರೆ ಒಂದು ಔಷಧವನ್ನೋ ಪಥ್ಯವನ್ನೋ ಕೊಟ್ಟು ನೋಡಿ, ಅದರಿಂದ ಸುಖವಾಯಿತೆ ದುಃಖವಾಯಿತೆ ಎಂಬುದರಿಂದ ರೋಗವನ್ನು ಗುರುತಿಸುವದು. ತರ್ಕಶಾಸ್ತ್ರದವರು ಇದನ್ನೇ ಅನ್ವಯ-ವ್ಯತಿರೇಕವೆಂಬ ಬಿಗಿಯಾದ ಸೂತ್ರಕ್ಕೆ ಕಟ್ಟಿದರು. ಇದು ಇದ್ದಾಗ ಅದು ಇರಬೇಕು. ಇದು ಇಲ್ಲದಾಗ ಅದೂ ಇಲ್ಲದಿರಬೇಕು. ಎರಡೂ ಸಿದ್ಧವಾದಾಗಲೇ ಇದು ಅದಕ್ಕೆ ಕಾರಣ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುವಾಗ ಹೊಗೆ-ಬೆಂಕಿಗಳ ಉದಾಹರಣೆಯಿಂದ ಬೇಸತ್ತ ನನಗೆ, ಆ ಸೂತ್ರವು ಈ ವಯಸ್ಸಿನಲ್ಲಿ ಡಿಸ್ಕು-ಕೇಬಲ್ಲುಗಳ ನಡುವೆ ನಿಂತು ಕೆಲಸ ಮಾಡಿದ್ದು ಸಂತೋಷವನ್ನುಂಟುಮಾಡಿತು. ಅದರಿಂದ ಹುಟ್ಟುವ ವ್ಯಾವಹಾರಿಕ ನಿಯಮವು ಇಷ್ಟೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಕೂಡಿಯೇ ಬದಲಿಸಿದರೆ ರೋಗ ಹೋದರೂ ಕಾರಣ ತಿಳಿಯುವದಿಲ್ಲ. ಕಾರಣ ತಿಳಿಯದೆ ಹೋದ ರೋಗವು ಮರಳಿ ಬರುವದು.

ಈ ಕೆಲಸದಲ್ಲಿ ನನಗೆ ನೆರವಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು. ಶಾಲೆಯಲ್ಲಿ ನನ್ನಿಂದ ಶಬ್ದರೂಪಗಳನ್ನು ಕಲಿತವನು, ಈಗ ಇಂಜಿನಿಯರನಾಗಿರುವನು. ಆದಿತ್ಯವಾರ ಮಧ್ಯಾಹ್ನ ಬಂದು ಕುಳಿತು, ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟನು.

ಮೊದಲನೆಯ ಪ್ರಶ್ನೆ: ದೋಷವು ದಾರಿಯಲ್ಲಿಯೋ, ಕಣಜದಲ್ಲಿಯೋ? ಡಿಸ್ಕುಗಳನ್ನು ಮುಟ್ಟದೆ, ಒಂದು ಯಂತ್ರದ ನೆನಪಿನಿಂದ ಇನ್ನೊಂದು ಯಂತ್ರದ ನೆನಪಿಗೆ ಬರಿಯ ಅಂಕಿಗಳನ್ನು ಕಳಿಸಿ ಅಳೆಯುವ ಒಂದು ಉಪಕರಣವುಂಟು; ಅದಕ್ಕೆ ಐಪರ್ಫ್ ಎನ್ನುವರು. ಅದರಿಂದ ಅಳೆದಾಗ ಸೆಕೆಂಡಿಗೆ 94 ಮೆಗಾಬಿಟ್ಟು ಬಂದಿತು. ಎಂಟು ಬಿಟ್ಟಿಗೆ ಒಂದು ಬೈಟಾದ್ದರಿಂದ, ನಮ್ಮ 11 ಮೆಗಾಬೈಟಿನ ಲೆಕ್ಕಕ್ಕೆ ಇದು ಸರಿಹೋಗುವದು. ಡಿಸ್ಕು ಇಲ್ಲದಾಗಲೂ ಅದೇ ಸಾವಕಾಶ. ಆದುದರಿಂದ ಡಿಸ್ಕು ಇದಕ್ಕೆ ಕಾರಣವಲ್ಲ. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನೊಳಗಿನ ಎಂಟು ತಂತಿಗಳೂ, ಎಂದರೆ ನಾಲ್ಕು ಜೋಡಿಗಳೂ, ಬೇಕು. ನೂರು ಮೆಗಾಬಿಟ್ಟಿನ ಹಳೆಯ ವೇಗಕ್ಕೆ ಎರಡು ಜೋಡಿ ಸಾಕು. ಒಂದು ತಂತಿ ಕೆಟ್ಟರೆ ಎರಡು ತುದಿಯ ಯಂತ್ರಗಳೂ ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಕೆಳಗಿನ ವೇಗಕ್ಕೆ ಇಳಿಯುವವು. ಯಾರಿಗೂ ದೂರು ಹೇಳುವದಿಲ್ಲ. ಕಿಡಿಕಿಯ ಚೌಕಟ್ಟಿನಲ್ಲಿ ಹಾಯ್ದುಹೋಗುವ ಕೇಬಲ್ಲನ್ನು ಇಲಿಯು ಕಡಿದಿದ್ದುದು ಕಣ್ಣಿಗೆ ಬಿದ್ದಿತು. ಹೊಸ ಕೇಬಲ್ಲನ್ನು ಹಾಕಿದ ಕೂಡಲೆ 94 ಇದ್ದದ್ದು 940 ಆಯಿತು. ಹಳೆಯದನ್ನು ಪುನಃ ಹಾಕಿ ನೋಡಿದೆವು, ಪುನಃ 94. ಅನ್ವಯವೂ ವ್ಯತಿರೇಕವೂ ಸಿದ್ಧವಾದವು.

ಇಷ್ಟಕ್ಕೆ ಕಥೆ ಮುಗಿಯಬೇಕಾಗಿತ್ತು. ಆದರೆ ದಾರಿ ಸರಿಯಾದ ಮೇಲೆ ಇನ್ನೊಂದು ರೋಗವು ಹೊರಗೆ ಬಂದಿತು. ಎಂಟೊಂಬತ್ತು ನಿಮಿಷಗಳವರೆಗೆ 110ರ ವೇಗದಿಂದ ಸಾಗಿದ ಬರವಣಿಗೆಯು ಇದ್ದಕ್ಕಿದ್ದಂತೆ ಕುಸಿದು ಎಂಟಕ್ಕೆ ಇಳಿಯುವದು. ನಡುವೆ ಕೆಲವು ಸೆಕೆಂಡು ಪೂರ್ತಿಯಾಗಿ ನಿಂತುಬಿಡುವದು. ಮೊದಲು ದಾರಿಯೇ ಇಕ್ಕಟ್ಟಾಗಿದ್ದುದರಿಂದ ಕಣಜದ ದೋಷವು ಅಡಗಿಕೊಂಡಿತ್ತು. ಒಂದು ರೋಗವು ಇನ್ನೊಂದನ್ನು ಮರೆಮಾಡುವದು ಮೈಯಲ್ಲಿ ಹೇಗೋ ಯಂತ್ರದಲ್ಲಿಯೂ ಹಾಗೆಯೇ.

ಈಗ ದಾರಿಯನ್ನು ಬಿಟ್ಟು ಕಣಜದೊಳಗೇ ಬರೆದು ಅಳೆಯಬೇಕು. ಇಲ್ಲಿ ಎರಡು ಹೇತ್ವಾಭಾಸಗಳಿಂದ ಎಚ್ಚರವಾಗಿರುವದು ಅವಶ್ಯ. ಸಾಧಾರಣವಾಗಿ ಜನರು ಬರಿಯ ಸೊನ್ನೆಗಳನ್ನು ಬರೆಯಿಸಿ ಡಿಸ್ಕಿನ ವೇಗವನ್ನು ಅಳೆಯುವರು. ಝಡ್.ಎಫ್.ಎಸ್. ವ್ಯವಸ್ಥೆಯಲ್ಲಿ ಅಕ್ಷರಗಳನ್ನು ಅಡಕಮಾಡಿ ಬರೆಯುವ ಏರ್ಪಾಡು ಇರುವದರಿಂದ ಕೋಟಿ ಸೊನ್ನೆಗಳು ಅಡಕವಾಗಿ ಏನೂ ಇಲ್ಲದಂತಾಗುವವು. ಡಿಸ್ಕು ಕದಲುವದೇ ಇಲ್ಲ. ಶೂನ್ಯವನ್ನು ಬರೆದು ಅಳೆದರೆ ಶೂನ್ಯದ ವೇಗವೇ ತಿಳಿಯುವದು. ಎರಡನೆಯದು, ಯಂತ್ರದ ನೆನಪಿಗಿಂತ ಚಿಕ್ಕದಾದ ಫೈಲನ್ನು ಬರೆದರೆ ಅದು ನೆನಪಿನಲ್ಲಿಯೇ ನಿಂತುಕೊಂಡು, ಡಿಸ್ಕಿಗೆ ಮುಟ್ಟುವ ಮುಂಚೆಯೇ ‘ಆಯಿತು’ ಎಂಬ ಉತ್ತರ ಬರುವದು. ಆದುದರಿಂದ 16 ಗಿಗಾಬೈಟಿನ ನೆನಪುಳ್ಳ ನಮ್ಮ ಕಣಜದಲ್ಲಿ, ಅಡಕವಾಗಲೊಲ್ಲದ ಕ್ರಮರಹಿತ ಅಂಕಿಗಳ 100 ಗಿಗಾಬೈಟಿನ ಫೈಲೊಂದನ್ನು ಬರೆಯಿಸಿದೆವು. ಕೇಬಲ್ಲಿನ ಸಂಬಂಧವಿಲ್ಲದೆಯೂ ಅದೇ ಕುಸಿತ ಕಂಡಿತು.

ಬರೆಯುತ್ತಿರುವಾಗಲೇ ನಾಲ್ಕು ಡಿಸ್ಕುಗಳ ನಾಡಿಯನ್ನು ಬೇರೆ ಬೇರೆಯಾಗಿ ನೋಡಬಹುದು. ಮೂರು ಡಿಸ್ಕುಗಳು ಒಂದೊಂದು ಅಪ್ಪಣೆಯನ್ನು ಕೆಲವು ಮಿಲಿಸೆಕೆಂಡುಗಳಲ್ಲಿ ತೀರಿಸಿ ಸುಮ್ಮನೆ ಕುಳಿತಿದ್ದವು. ನಾಲ್ಕನೆಯದು ನೂರಕ್ಕೆ ನೂರು ಕೆಲಸದಲ್ಲಿದ್ದು, ಒಂದೊಂದು ಅಪ್ಪಣೆಗೆ ಒಂದೊಂದು, ಎರಡೆರಡು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಚಹ ತಂದ ನಮ್ಮ ಮನೆಯವರು ಪರದೆಯನ್ನು ನೋಡಿ, “ಹಂಗಾರ ಉಳದ ಮೂರೂ ಯಾಕ ಸುಮ್ಮನ ಕೂತಾವ?” ಎಂದು ಕೇಳಿದರು. ನಾನು, “ಪಂಕ್ತಿಯಾಗ ಒಬ್ಬರ ಊಟ ಮುಗಿಯೋತನಕಾ ಉಳದವರು ಏಳತಾರೇನು?” ಎಂದೆ. ಬರವಣಿಗೆಯನ್ನು ನಾಲ್ವರಿಗೂ ಹಂಚಿ ಬಡಿಸುವ ಈ ವ್ಯವಸ್ಥೆಯಲ್ಲಿ ನಾಲ್ವರ ಎಲೆಯೂ ಬರಿದಾಗದೆ ಮುಂದಿನ ಬಡಿಸುವಿಕೆಯಿಲ್ಲ. ಆದುದರಿಂದ ಎಲ್ಲಕ್ಕೂ ನಿಧಾನದ ಡಿಸ್ಕಿನದೇ ಒಟ್ಟು ಕಣಜದ ವೇಗ.

ಹಾಗಾದರೆ ಆ ಡಿಸ್ಕು ರೋಗಿಯೆ? ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುವವು. ಕೆಟ್ಟ ಸ್ಥಳವನ್ನು ಬಿಟ್ಟು ಬೇರೆ ಕಡೆ ಬರೆದದ್ದೆಷ್ಟು, ಓದಲಾರದೆ ಉಳಿದದ್ದೆಷ್ಟು ಎಂಬ ಎರಡು ಅಂಕಣಗಳಲ್ಲಿಯೂ ಸೊನ್ನೆ ಇತ್ತು. ರೋಗವಿಲ್ಲ, ಆದರೂ ನಿಧಾನ. ಅಂದ ಮೇಲೆ ಅದು ಆ ಡಿಸ್ಕಿನ ಪ್ರಕೃತಿಯಾಗಿರಬೇಕು. ಉಳಿದ ಮೂರು ಹಳೆಯವು. ಇದೊಂದು ಸತ್ತ ಡಿಸ್ಕಿನ ಸ್ಥಾನದಲ್ಲಿ ಆ ಮೇಲೆ ಬಂದದ್ದು. ಮಾಡೆಲ್ ಸಂಖ್ಯೆಯನ್ನು ಹಿಡಿದು ಹುಡುಕಿದಾಗ ಅದು ಎಸ್.ಎಂ.ಆರ್. ಜಾತಿಯದೆಂದು ತಿಳಿಯಿತು.

ಈ ಜಾತಿಯನ್ನು ಅರಿಯಲು ಖಾನಾಪುರದ ಕಡೆಯ ಹಂಚಿನ ಮನೆಗಳನ್ನು ನೆನಸಿಕೊಂಡರೆ ಸಾಕು. ಆ ಸೀಮೆಯ ಮಳೆಗೆ ತಡೆಯುವಂತೆ, ಮೇಲಿನ ಸಾಲಿನ ಹಂಚಿನ ಅಂಚು ಕೆಳಗಿನ ಸಾಲಿನ ಮೇಲೆ ಹಾಯ್ದು ಕೂತಿರುವದು. ಕೆಳಗಿನ ಒಂದು ಹಂಚು ಒಡೆದರೆ ಅದನ್ನು ಬದಲಿಸಲು ಮೇಲಿನ ಹಂಚುಗಳನ್ನೂ ಎತ್ತಬೇಕು. ಸಾಧಾರಣ ಡಿಸ್ಕಿನಲ್ಲಿ ಅಕ್ಷರಗಳ ವರ್ತುಲಗಳು ಒಂದರ ಪಕ್ಕದಲ್ಲೊಂದು ಬಿಡಿಯಾಗಿರುವವು. ಈ ಜಾತಿಯ ಡಿಸ್ಕಿನಲ್ಲಿ ಸ್ಥಳವನ್ನು ಉಳಿಸುವದಕ್ಕಾಗಿ ಅವು ಹಂಚುಗಳಂತೆ ಒಂದರ ಮೇಲೊಂದು ಹಾಯ್ದಿರುವವು. ಒಂದು ವರ್ತುಲವನ್ನು ತಿದ್ದಬೇಕಾದರೆ ಅದರ ಜೊತೆಯ ಇಡೀ ಪ್ರದೇಶವನ್ನು, ಅನೇಕ ಡಿಸ್ಕುಗಳಲ್ಲಿ 256 ಮೆಗಾಬೈಟಿನಷ್ಟನ್ನು, ಓದಿ ತೆಗೆದು ಪುನಃ ಬರೆಯಬೇಕಾಗುವದು. ಇದನ್ನು ಮುಚ್ಚಿಕೊಳ್ಳಲು ಡಿಸ್ಕಿನ ಒಂದು ಭಾಗವನ್ನು ಬಿಡಿ ವರ್ತುಲಗಳಿಗಾಗಿ ಕಾಯ್ದಿಟ್ಟಿರುತ್ತಾರೆ. ಸುಗ್ಗಿಯ ಜೋಳವನ್ನು ಮೊದಲು ಪಡಸಾಲೆಯಲ್ಲಿ ಸುರಿದು, ಬಿಡುವಾದಾಗ ಹಗೇವಿಗೆ ತುಂಬುವ ಒಕ್ಕಲಿಗನಂತೆ, ಡಿಸ್ಕು ಬಂದದ್ದನ್ನು ಅಲ್ಲಿ ಬೇಗ ಬರೆದುಕೊಂಡು ಆ ಮೇಲೆ ಒಳಗೆ ಒಯ್ಯುವದು. ಗಾಡಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದರೆ ಪಡಸಾಲೆ ತುಂಬುವದು. ಆಗ ಗಾಡಿಗಳು ಅಂಗಳದಲ್ಲಿ ನಿಲ್ಲಲೇಬೇಕು. ನಮ್ಮ ಎಂಟೊಂಬತ್ತು ನಿಮಿಷಗಳ ಗುಟ್ಟು ಇದೇ. ಹಳೆಯ ಕೇಬಲ್ಲಿದ್ದಾಗ ಗಾಡಿಗಳೇ ವಿರಳವಾಗಿದ್ದುದರಿಂದ ಪಡಸಾಲೆ ತುಂಬುತ್ತಿರಲಿಲ್ಲ.

ಈ ಜಾತಿಯ ಡಿಸ್ಕು ಕೆಟ್ಟದ್ದೆಂದು ನಾನು ಹೇಳಲಾರೆ. ಒಂದು ಸಲ ತುಂಬಿಟ್ಟು ಆಗಾಗ ಓದುವವನಿಗೆ ಅದು ಅಗ್ಗದಲ್ಲಿ ಹೆಚ್ಚು ಸ್ಥಳವನ್ನು ಕೊಡುವದು. ಆದರೆ ಪಂಕ್ತಿಯಲ್ಲಿ ಕೂಡ್ರತಕ್ಕದ್ದಲ್ಲ. ಇದನ್ನು ಕೊಳ್ಳುವವನಿಗೆ ಹೇಳಿ ಮಾರಬೇಕಾದದ್ದು ವ್ಯಾಪಾರದ ಧರ್ಮ. 2020ರ ಏಪ್ರಿಲ್ ತಿಂಗಳಲ್ಲಿ, ಹೆಸರಾದ ತಯಾರಕರು ಈ ಸಂಗತಿಯನ್ನು ತಿಳಿಸದೆಯೇ ಇಂಥ ಡಿಸ್ಕುಗಳನ್ನು ಮಾರಿದ್ದು ಹೊರಬಿದ್ದು, ಲೋಕದಲ್ಲೆಲ್ಲ ಗದ್ದಲವಾಗಿ, ಆ ಮೇಲೆ ಅವರು ಯಾವ ಮಾಡೆಲ್ಲು ಯಾವ ಜಾತಿಯದೆಂಬ ಪಟ್ಟಿಗಳನ್ನು ಪ್ರಕಟಿಸಿದರು. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೊಗಳಿಕೆಯನ್ನು ಬಿಟ್ಟು ಆ ಪಟ್ಟಿಯನ್ನು ನೋಡುವದು ಲೇಸು.

ಚಿತ್ರಗಳೆಲ್ಲ ಬೇರೊಂದು ಡಿಸ್ಕಿನಲ್ಲಿಯೂ ಇರುವವೆಂದು ನಿಶ್ಚಯಿಸಿಕೊಂಡು, ನಾಲ್ಕನೆಯ ಡಿಸ್ಕನ್ನು ಪಂಕ್ತಿಯಿಂದ ಎಬ್ಬಿಸಿ ಬರೆಯಿಸಿ ನೋಡಿದೆವು, ಕುಸಿತವಿಲ್ಲ. ಪುನಃ ಕೂಡ್ರಿಸಿದೆವು, ಕುಸಿತ ಬಂದಿತು. ಬಿಡಿ ವರ್ತುಲಗಳ ಡಿಸ್ಕೊಂದನ್ನು ತರಿಸಿ ಅದರ ಸ್ಥಾನದಲ್ಲಿಟ್ಟ ಮೇಲೆ, ಒಂದು ರಾತ್ರಿಯಲ್ಲಿ ಉಳಿದ ಮೂರರಿಂದ ಅದರ ಪಾಲು ಲೆಕ್ಕವಾಗಿ ತುಂಬಿಕೊಂಡಿತು. 108 ಗಿಗಾಬೈಟು ಹದಿನೇಳು ನಿಮಿಷದೊಳಗೆ ಕಣಜ ಸೇರಿತು.

ಇನ್ನು ಮೂರನೆಯ ನಿಧಾನವೊಂದು ಉಳಿಯಿತು. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅದೇ. ಓಲೆಗಳನ್ನು ಓದುವ ಅನುಕೂಲಕ್ಕಾಗಿ ಒಂದೊಂದು ಮಗ್ಗುಲಿನ ಚಿತ್ರವನ್ನು ಸಾಲು ಸಾಲಾಗಿ ಕತ್ತರಿಸಿ, ಸಾಲಿಗೊಂದು ಚಿಕ್ಕ ಫೈಲನ್ನು ಮಾಡಿ, ಅದರಲ್ಲಿ ನನ್ನ ಪಾಠವನ್ನೂ ಸಂದೇಹಗಳನ್ನೂ ಬರೆದಿಡುತ್ತಿದ್ದೆನು. ಮಗ್ಗುಲಿಗೆ ಏಳರಂತೆ 12,600 ಸಾಲುಗಳು. ಇವೆಲ್ಲ ಕೂಡಿದರೂ ತೂಕದಲ್ಲಿ ಏನೂ ಅಲ್ಲ; ಆದರೆ ಸೆಕೆಂಡಿಗೆ ಹದಿನೈದರಂತೆ ಸಾಗಿ ಹದಿನಾಲ್ಕು ನಿಮಿಷ ಹಿಡಿಯುತ್ತಿದ್ದವು. ದಾರಿ ಸರಿಯಿದೆ, ನಾಲ್ಕು ಡಿಸ್ಕೂ ಸರಿಯಿವೆ. ಹಾಗಾದರೆ ಈ ತಡವೇಕೆ?

ನನ್ನ ಯಂತ್ರಕ್ಕೂ ಕಣಜಕ್ಕೂ ನಡುವಿನ ಮಾತುಕತೆಯು ಎನ್.ಎಫ್.ಎಸ್. ಎಂಬ, 1984ರಲ್ಲಿ ಅದೇ ಸನ್ ಕಂಪನಿಯಲ್ಲಿ ಹುಟ್ಟಿದ ಪದ್ಧತಿಯಿಂದ ನಡೆಯುವದು. ಅದರಲ್ಲಿ ಒಂದು ಕಟ್ಟಳೆಯುಂಟು. ಫೈಲನ್ನು ಒಪ್ಪಿಸಿ ಮುಚ್ಚುವಾಗ ನನ್ನ ಯಂತ್ರವು, “ಇದು ಡಿಸ್ಕಿನ ಮೇಲೆ ಮೂಡಿತೆ?” ಎಂದು ಕೇಳುವದು. ಕಣಜವು ನಿಜವಾಗಿಯೂ ಬರೆದು ಮುಗಿಸಿದ ಮೇಲೆಯೇ “ಹೌದು” ಎನ್ನುವದು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗೆ ಮೇಲಾಗುವದು. ಬರೆಯುವ ಮೊನೆಯು ಸ್ಥಳದಿಂದ ಸ್ಥಳಕ್ಕೆ ಸರಿಯಲೂ ಅಷ್ಟೇ ಹೊತ್ತು ಬೇಕು. ಫೈಲಿನ ಹೆಸರಿಗೊಂದು, ಒಳಗಿನ ಅಕ್ಷರಕ್ಕೊಂದು ಎಂದು ಅಂಥ ಕೆಲವು ಸುತ್ತುಗಳಾಗುವವು. ದೊಡ್ಡ ಚಿತ್ರಕ್ಕೆ ಈ ಪ್ರಶ್ನೋತ್ತರವು ಒಂದೇ ಸಲವಾದ್ದರಿಂದ ಹೊರೆಯೆನಿಸದು. ಚಿಕ್ಕ ಫೈಲುಗಳಿಗೆ 12,600 ಸಲವಾದ್ದರಿಂದ ಅದೇ ದೊಡ್ಡ ಹೊರೆ.

ನನ್ನ ವಿದ್ಯಾರ್ಥಿಯು ಒಂದು ಶಬ್ದವನ್ನು ಬದಲಿಸಿದನು. ಅದರಿಂದ ಕಣಜವು ನೆನಪಿನಲ್ಲಿ ತೆಗೆದುಕೊಂಡ ಕೂಡಲೆ, ಡಿಸ್ಕನ್ನು ಮುಟ್ಟುವ ಮುಂಚೆಯೇ, “ಹೌದು” ಎನ್ನತೊಡಗಿತು. ಹದಿನಾಲ್ಕು ನಿಮಿಷದ ಕೆಲಸವು ಒಂದು ನಿಮಿಷದೊಳಗೆ ಮುಗಿಯಿತು. ಕಾರಣವು ಇದೇ ಎಂಬುದು ಉಪಶಯದಿಂದ ಸಿದ್ಧವಾಯಿತು.

“ಗುರುಗಳ, ಬ್ಯಾನಿ ಯಾವದು ಗೊತ್ತಾತಲ್ಲರಿ. ಇನ್ನ ಇದನ್ನ ಹಿಂಗ ಬಿಟ್ಟಬಿಡೂಣು” ಎಂದನು.

“ನಡುವ ಕರೆಂಟ ಹೋದರ?”

“ಕಣಜ ಕೆಡೂದಿಲ್ಲರಿ. ಐದ ಸೆಕೆಂಡಿಗೊಮ್ಮೆ ಎಲ್ಲಾ ಡಿಸ್ಕಿಗೆ ಇಳಿಸತೈತಿ. ಕಡೀ ಐದ ಸೆಕೆಂಡಿನಾಗ ಬಂದದ್ದಷ್ಟ ಹೋಗತೈತಿ.”

“ಆ ಐದು ಸೆಕೆಂಡಿನಾಗ ಯಾವ ಎಲಿ ಬಂದಿತ್ತು ಅಂತ ಯಾರು ಹೇಳತಾರಪಾ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಯಾರೂ ಹೇಳೂದಿಲ್ಲರಿ. ಎಲ್ಲಾ ಮುಟ್ಟೇದ ಅಂತ ಮೊದಲ ಹೇಳಿ ಆಗಿರತೈತಲ್ಲರಿ” ಎಂದನು.

ಇಲ್ಲಿಯೇ ವಿಷಯದ ಮರ್ಮವಿರುವದು. ಐದು ಸೆಕೆಂಡಿನ ನಷ್ಟ ದೊಡ್ಡದಲ್ಲ. ಆದರೆ ನಷ್ಟವಾಯಿತೆಂಬ ತಿಳಿವಳಿಕೆಯೂ ಇಲ್ಲದಂತಾಗುವದು ದೊಡ್ಡದು. ಕೈಯಲ್ಲಿದ್ದುದು ಬಿದ್ದುಹೋಯಿತೆಂದು ತಿಳಿದವನು ಹಿಂತಿರುಗಿ ಹುಡುಕುವನು. ಸೇರಿತೆಂದು ಮಾತು ಪಡೆದವನು ಮೂಲವನ್ನು ಅಳಿಸಿಬಿಡುವನು. ಜೂನ್ ಜುಲೈ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿ ಮಳೆ ಹಿಡಿದಾಗ ವಿದ್ಯುತ್ತು ಹೋಗಿಬರುವದನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ. ಯು.ಪಿ.ಎಸ್. ಕಾಯುವದಾದರೂ ಕೂಸು ಕೈಯಿಕ್ಕಿ ಪ್ಲಗ್ಗನ್ನು ಕಿತ್ತರೆ ಅದೂ ಕೈಯಲ್ಲಾಡಿಸುವದು.

ಇದೇ ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲಕ್ಕೆ ಪಲಾಶಿಕೆಯೆಂಬ ಪಟ್ಟಣವಾಗಿತ್ತು. ಅಲ್ಲಿ ದೊರೆತ ತಾಮ್ರಶಾಸನಗಳನ್ನು ಫ್ಲೀಟನು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದನು. ಅವುಗಳಲ್ಲಿ ಐದನೆಯ ಶತಮಾನದ ಒಂದರಲ್ಲಿ, ಯುವರಾಜನಾಗಿದ್ದ ಕಾಕುಸ್ಥವರ್ಮನು ತನ್ನನ್ನು ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನು ಕೊಟ್ಟ ಸಂಗತಿಯಿರುವದು. ಕೊಟ್ಟೆನೆಂಬ ಮಾತು ಬಾಯಿಂದ ಕ್ಷಣದಲ್ಲಿ ಹೊರಡುವದು. ತಗಡನ್ನು ಬಡಿದು, ಉಳಿ ಹಿಡಿದು ಒಂದೊಂದೇ ಅಕ್ಷರವನ್ನು ಕಡೆಯಲು ದಿನಗಳು ಬೇಕು. ಆ ನಿಧಾನದಿಂದಲೇ ಅಲ್ಲವೆ, ಸಾವಿರದ ಐನೂರು ವರ್ಷಗಳ ಮೇಲೆಯೂ ಆ ಹೊಲದ ಮಾತನ್ನು ನಾವು ಓದುತ್ತಿರುವದು? ಕೇಬಲ್ಲಿನ ನಿಧಾನವು ರೋಗ, ಅದನ್ನು ಕಳೆದೆವು. ಡಿಸ್ಕಿನ ನಿಧಾನವು ಅಲ್ಲಿ ಸಲ್ಲದ ಪ್ರಕೃತಿ, ಅದನ್ನು ಬದಲಿಸಿದೆವು. ಈ ಮೂರನೆಯದು ರೋಗವೂ ಅಲ್ಲ, ದೋಷವೂ ಅಲ್ಲ. ಕೊಟ್ಟ ಮಾತನ್ನು ನಿಜ ಮಾಡಿಕೊಳ್ಳುವದಕ್ಕೆ ಹಿಡಿಯುವ ಹೊತ್ತು. ಅದನ್ನು ಚಿಕಿತ್ಸೆ ಮಾಡತಕ್ಕದ್ದಲ್ಲವೆಂದು ನಿಶ್ಚಯಿಸಿ, ಆ ಶಬ್ದವನ್ನು ಮೊದಲಿನಂತೆಯೇ ಇರಿಸಿದೆವು.

ಹಾಗೆಂದು ವೇಗವನ್ನು ದ್ವೇಷಿಸಬೇಕಾಗಿಲ್ಲ. ಈ ಕಟ್ಟಳೆಯನ್ನು ಕಣಜದ ಒಂದೊಂದು ವಿಭಾಗಕ್ಕೆ ಬೇರೆ ಬೇರೆಯಾಗಿ ವಿಧಿಸಬಹುದು. ಮೊಮ್ಮಕ್ಕಳು ನೋಡುವ ಚಲನಚಿತ್ರಗಳ ವಿಭಾಗದಲ್ಲಿ ಅದನ್ನು ಸಡಿಲಿಸಿದೆವು. ಅವು ಹೋದರೆ ಮತ್ತೆ ಸಿಗುವವು. ಹಣವುಳ್ಳವರು, ವಿದ್ಯುತ್ತು ಹೋದರೂ ಹಿಡಿದದ್ದನ್ನು ಬಿಡದಂತಹ ಎಸ್.ಎಸ್.ಡಿ. ಒಂದನ್ನು ಈ ಪ್ರಶ್ನೋತ್ತರಕ್ಕಾಗಿಯೇ ಇಟ್ಟು, ಸತ್ಯವನ್ನೂ ವೇಗವನ್ನೂ ಕೂಡಿಯೇ ಪಡೆಯಬಹುದು. ಪಿಂಚಣಿಯವನಿಗೆ ಬೇರೆ ಉಪಾಯವುಂಟು. ಆ ದಿನದ ಚಿಕ್ಕ ಫೈಲುಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ಕಳಿಸಿದರೆ ಪ್ರಶ್ನೆಯೂ ಒಂದೇ, ಉತ್ತರವೂ ಒಂದೇ. ಗಂಟನ್ನು ಕಣಜದೊಳಗೆ ಬಿಚ್ಚಿ ಎಣಿಸಿ ನೋಡಿದ ಮೇಲೆಯೇ ಮೂಲವನ್ನು ಅಳಿಸುವೆನು. ಎಣಿಸಿದ್ದೂ ಸಾಲದೆಂದು ಪ್ರತಿಯೊಂದು ಚಿತ್ರಕ್ಕೂ 64 ಅಂಕಾಕ್ಷರಗಳ ಒಂದು ಮುದ್ರೆಯನ್ನು ಲೆಕ್ಕದಿಂದ ತೆಗೆದು ಬೇರೆ ಬರೆದಿಟ್ಟಿದೆ. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಮುದ್ರೆ ಕೂಡದು. ವೇದವನ್ನು ಪದ, ಕ್ರಮ, ಜಟೆ, ಘನವೆಂದು ಹಿಂದೆ ಮುಂದೆ ಹೊಸೆದು ಹೇಳಿ ಒಂದು ಸ್ವರವೂ ತಪ್ಪದಂತೆ ಕಾಯ್ದವರ ನಾಡಿನಲ್ಲಿ ಈ ಯುಕ್ತಿಯು ಹೊಸದೆನಿಸಲಾರದು.

ಏಳು ಕಟ್ಟುಗಳನ್ನೂ ನಾಗರ ಪಂಚಮಿಗೆ ನಾಲ್ಕು ದಿನ ಮುಂಚೆ ಹೊಸ ಬಟ್ಟೆಯಲ್ಲಿ ಸುತ್ತಿ ಹಳ್ಳಿಗೆ ಮುಟ್ಟಿಸಿದೆವು. ಉದುರಿದ ಚೂರುಗಳನ್ನೂ ಕಾಗದದ ಪೊಟ್ಟಣದಲ್ಲಿಟ್ಟು, ಯಾವ ಎಲೆಯವೆಂದು ಬರೆದು ಕೊಟ್ಟೆವು. ನಾಲ್ಕು ಡಿಸ್ಕುಗಳ ಪಂಕ್ತಿಯು ಒಂದು ಡಿಸ್ಕಿನ ಸಾವನ್ನು ತಡೆಯುವದೇ ಹೊರತು ಬೆಂಕಿಯನ್ನಾಗಲಿ ಕಳ್ಳನನ್ನಾಗಲಿ ತಡೆಯದು; ಆದುದರಿಂದ ಚಿತ್ರಗಳ ಇನ್ನೊಂದು ಪ್ರತಿಯನ್ನು ಖಾನಾಪುರದಲ್ಲಿ ಆ ಮನೆತನದವರ ಹತ್ತಿರವೇ ಇರಿಸಿದೆ, ಮೂರನೆಯದನ್ನು ನನ್ನ ವಿದ್ಯಾರ್ಥಿಯು ತನ್ನ ಮನೆಗೆ ಒಯ್ದಿರುವನು. ಗಂಟನ್ನು ಕೈಗೆ ತೆಗೆದುಕೊಂಡ ಹಿರಿಯರು, “ಎಲ್ಲಾ ಬಂತೇನ್ರಿ ಮಾಸ್ತರ?” ಎಂದು ಕೇಳಿದಾಗ, “ಎಲ್ಲಾ ಬಂದದ” ಎಂದು ಧೈರ್ಯದಿಂದ ಹೇಳಲು ನನಗೆ ಸಾಧ್ಯವಾಯಿತು. ನಮ್ಮ ಜಿಲ್ಲೆಯ ವಾಚಕರಲ್ಲಿ ಯಾರ ಅಟ್ಟದ ಮೇಲಾದರೂ ಇಂಥ ಕಟ್ಟುಗಳಿದ್ದರೆ, ಮನೆಯನ್ನು ಸುಣ್ಣಬಣ್ಣಕ್ಕೆ ತೆಗೆಯುವ ಮುಂಚೆ ಒಂದು ಸಲ ಕೆಳಗಿಳಿಸಿ ನೋಡಬೇಕೆಂದೂ, ಒದ್ದೆ ಕೈಯಿಂದ ಬಿಚ್ಚಬಾರದೆಂದೂ, ಅವಸರ ಮಾಡಬಾರದೆಂದೂ ವಿನಂತಿಸುವೆನು.